ಗೆಲ್ಲುವ ತಂಡಕ್ಕೆ ಡ್ರಾಫ್ಟ್‌ನ ಕೊನೆಯ ಸರದಿ ಯಾಕೆ ಬೇಕು

2013ರ ಜೂನ್ ತಿಂಗಳ ಒಂದು ವ್ಯವಹಾರದಿಂದ ಶುರು ಮಾಡುತ್ತೇನೆ. ಡೆನ್ವರ್ ನಗೆಟ್ಸ್ ತಂಡ ಆ ಸೀಸನ್‌ನಲ್ಲಿ 82ರಲ್ಲಿ 57 ಪಂದ್ಯ ಗೆದ್ದಿತ್ತು. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು ಹೊಸ ಆಟಗಾರರನ್ನು ಸರದಿ ಪ್ರಕಾರ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಅಷ್ಟು ಚೆನ್ನಾಗಿ ಆಡಿದ್ದರಿಂದಲೇ ಡ್ರಾಫ್ಟ್‌ನಲ್ಲಿ ಅವರಿಗೆ ಸಿಕ್ಕಿದ್ದು 27ನೇ ಸರದಿ. ಅಲ್ಲಿಯವರೆಗೂ ಫ್ರಾನ್ಸಿನ ಒಬ್ಬ ಹುಡುಗ ಉಳಿದಿದ್ದ. ಏಳಡಿ ಎತ್ತರ, ಸಣಕಲು ಮೈ, ಉದ್ದನೆಯ ಕೈಗಳು. ಹೆಸರು ರೂಡಿ ಗೊಬೇರ್. ಡೆನ್ವರ್ ಅವನ ಹೆಸರು ಹೇಳಿ, ಅದೇ ರಾತ್ರಿ ಯೂಟಾ ಜಾಜ್‌ಗೆ ಬಿಟ್ಟುಕೊಟ್ಟಿತು. ಬದಲಿಗೆ ಸಿಕ್ಕಿದ್ದು 46ನೇ ಸರದಿಯ ಒಬ್ಬ ಆಟಗಾರ ಮತ್ತು 30 ಲಕ್ಷ ಡಾಲರ್. ಆ ಆಟಗಾರ ಲೀಗ್‌ನಲ್ಲಿ ನೆಲೆ ನಿಲ್ಲಲಿಲ್ಲ. ಗೊಬೇರ್ ಮುಂದೆ ನಾಲ್ಕು ಸಲ ವರ್ಷದ ಅತ್ಯುತ್ತಮ ಡಿಫೆಂಡರ್ ಆದ.

ಡೆನ್ವರ್‌ನವರು ದಡ್ಡರು ಅಂತ ಹೇಳಲು ಈ ಕತೆ ಹೇಳುತ್ತಿಲ್ಲ. 27ನೇ ಸರದಿಯಲ್ಲಿ ಗೊಬೇರ್‌ನಂಥವನು ಸಿಗುವುದು ಅಪರೂಪ. ಅದಕ್ಕೂ ಮೊದಲು 26 ಸಲ ತಂಡಗಳು ಅವನನ್ನು ಬಿಟ್ಟು ಬೇರೆಯವರನ್ನು ಆರಿಸಿದ್ದವು. ಆದರೆ ಆ ಸರದಿಯನ್ನು ಡೆನ್ವರ್ ನೋಡಿದ ರೀತಿ ಇದೆಯಲ್ಲ, ಅದರ ಬಗ್ಗೆ ನಾವು ಮಾತಾಡಬೇಕು. ನಮ್ಮ ತಂಡ ಈಗಾಗಲೇ ಗಟ್ಟಿಯಾಗಿದೆ, ಕೊನೆಯಲ್ಲಿ ಬರುವ ಹುಡುಗನಿಂದ ಏನಾಗಬೇಕು, ಸಿಕ್ಕಷ್ಟು ದುಡ್ಡು ತಗೊಳ್ಳೋಣ ಅನ್ನುವ ಲೆಕ್ಕಾಚಾರ ಅದು. ಬಹಳ ವರ್ಷ ಬಹಳ ತಂಡಗಳು ಹೀಗೆ ಯೋಚಿಸಿದವು. ಅದು ತಪ್ಪು ಲೆಕ್ಕ. ಈಗಂತೂ ಮೊದಲಿಗಿಂತ ಜಾಸ್ತಿ ತಪ್ಪು.

ಡ್ರಾಫ್ಟ್ ನೋಡಿ ಅಭ್ಯಾಸ ಇಲ್ಲದವರಿಗೆ ಎರಡು ಮಾತು. ನಮಗೆಲ್ಲ ಐಪಿಎಲ್ ಹರಾಜು ಗೊತ್ತು. ಅಲ್ಲಿ ಚೀಲದಲ್ಲಿ ದುಡ್ಡು ಉಳಿದಿದ್ದರೆ ಯಾವ ತಂಡ ಬೇಕಾದರೂ ಯಾವ ಆಟಗಾರನಿಗೆ ಬೇಕಾದರೂ ಕೂಗಬಹುದು. ಇಲ್ಲಿ ಹಾಗಿಲ್ಲ. 30 ತಂಡ, ಎರಡು ಸುತ್ತು. ಪ್ಲೇಆಫ್ ತಲುಪದ 14 ತಂಡಗಳಿಗೆ ಮೊದಲ ಸರದಿಗಳು, ಅವುಗಳಲ್ಲಿ ಮುಂದಿನವು ಯಾರಿಗೆ ಅನ್ನುವುದು ಲಾಟರಿಯಲ್ಲಿ ತೀರ್ಮಾನ. ಉಳಿದವರಲ್ಲಿ ಕಡಿಮೆ ಗೆದ್ದವರು ಮೊದಲು, ಜಾಸ್ತಿ ಗೆದ್ದವರು ಕೊನೆಗೆ. ಹಾಗಾಗಿ ಪ್ರಶಸ್ತಿಗೆ ಹೋರಾಡುವ ತಂಡದ ಸ್ವಂತ ಪಿಕ್, ಅಂದರೆ ಆರಿಸುವ ಸರದಿ, ಸಾಮಾನ್ಯವಾಗಿ 25ರಿಂದ 30ರೊಳಗೆ ಬರುತ್ತದೆ. ಆಮೇಲೆ ಎರಡನೇ ಸುತ್ತಿನ ಒಂದೋ ಎರಡೋ. ಈ ಪಿಕ್‌ಗಳನ್ನು ಮಾರಬಹುದು, ಕೊಳ್ಳಬಹುದು, ಮುಂದಿನ ವರ್ಷಗಳದ್ದನ್ನೂ ಮೊದಲೇ ಕೊಟ್ಟುಬಿಡಬಹುದು.

ಇನ್ನು ದುಡ್ಡಿನ ಲೆಕ್ಕ. ಮೊದಲ ಸುತ್ತಿನ ಹುಡುಗನಿಗೆ ನಾಲ್ಕು ವರ್ಷದ ಒಪ್ಪಂದ. ಮೊದಲ ಎರಡು ವರ್ಷದ ಸಂಬಳ ಖಾತ್ರಿ. ಮೂರನೆಯದು, ನಾಲ್ಕನೆಯದು ತಂಡದ ಇಷ್ಟ. 2024-25ರಲ್ಲಿ 30ನೇ ಸರದಿಯವನಿಗೆ ಮೊದಲ ವರ್ಷ ಸಿಕ್ಕಿದ್ದು ಸುಮಾರು 25 ಲಕ್ಷ ಡಾಲರ್. ಇದನ್ನು ಡೆನ್ವರ್‌ನ ಸ್ಟಾರ್ ನಿಕೋಲಾ ಯೋಕಿಚ್ ಸಂಬಳದ ಪಕ್ಕ ಇಡಿ. ಅದೇ ವರ್ಷ ಅವನಿಗೆ ಸಿಕ್ಕಿದ್ದು 5 ಕೋಟಿ 14 ಲಕ್ಷ ಡಾಲರ್. ಅಂಥ ಒಬ್ಬ ಸ್ಟಾರ್, ಜೊತೆಗೆ ಇನ್ನಿಬ್ಬರು ದೊಡ್ಡ ಸಂಬಳದವರು ಇದ್ದರೆ ಖಜಾನೆ ಅಲ್ಲಿಗೇ ಮುಗಿಯುತ್ತದೆ. ಆದರೆ ಪ್ಲೇಆಫ್‌ನಲ್ಲಿ ಕನಿಷ್ಠ ಎಂಟು ಜನ ಬೇಕು. ಆ ಆರನೆಯ, ಏಳನೆಯ, ಎಂಟನೆಯ ಮನುಷ್ಯ ಎಲ್ಲಿಂದ ಬರಬೇಕು?

ಮೊದಲೆಲ್ಲ ಶ್ರೀಮಂತ ಮಾಲೀಕರು, ಸಂಬಳದ ಗೆರೆ ದಾಟಿದ್ದಕ್ಕೆ ಲೀಗ್ ಹಾಕುವ ತೆರಿಗೆ ಕಟ್ಟಿ, ಅಂಥವರನ್ನು ಕೊಂಡುಕೊಳ್ಳುತ್ತಿದ್ದರು. 2023ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಹೊಸ ಒಪ್ಪಂದ ಬಂತು. ಅದರಲ್ಲಿ ಸಂಬಳಕ್ಕೆ ಇನ್ನೊಂದು ಗೆರೆ ಎಳೆದರು. ಎರಡನೇ ಏಪ್ರನ್ ಅನ್ನುತ್ತಾರೆ. 2024-25ರಲ್ಲಿ ಆ ಗೆರೆ ಇದ್ದದ್ದು 18 ಕೋಟಿ 89 ಲಕ್ಷ ಡಾಲರ್ ಹತ್ತಿರ. ಅದನ್ನು ದಾಟಿದ ತಂಡಕ್ಕೆ ದಂಡ ಬರೀ ದುಡ್ಡಲ್ಲ. ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವ ಹಾಗಿಲ್ಲ. ಟ್ರೇಡ್‌ನಲ್ಲಿ, ಅಂದರೆ ತಂಡಗಳ ನಡುವಿನ ಅದಲುಬದಲಿನಲ್ಲಿ, ನಗದು ಕೊಡುವ ಹಾಗಿಲ್ಲ. ಹೊರಗಿನಿಂದ ಮಧ್ಯಮ ಸಂಬಳದವರನ್ನು ಸೇರಿಸಿಕೊಳ್ಳುವ ದಾರಿಯೂ ಬಂದ್. ಉಳಿಯುವುದು ಕನಿಷ್ಠ ಸಂಬಳಕ್ಕೆ ಬರುವ ಹಿರಿಯರು ಮತ್ತು ತಾವೇ ಡ್ರಾಫ್ಟ್ ಮಾಡಿ ಬೆಳೆಸಿದ ಹುಡುಗರು. ಅದಕ್ಕೇ ನಾನು ಈಗಂತೂ ಅಂದಿದ್ದು.

ಮಾರಿಕೊಂಡವರ ಕತೆ ಅಂದರೆ ಫೀನಿಕ್ಸ್ ಸನ್ಸ್ ನೆನಪಾಗುತ್ತದೆ. ನಿಮ್ಮಲ್ಲಿ ಹಲವರಿಗೆ ಸ್ಟೀವ್ ನ್ಯಾಶ್ ಕಾಲದ ಆ ತಂಡ ಅಚ್ಚುಮೆಚ್ಚು ಅಂತ ಗೊತ್ತು, ನನಗೂ ಅಷ್ಟೇ. ಅಷ್ಟು ಚೆಂದದ ಬಾಸ್ಕೆಟ್‌ಬಾಲ್ ಆಡಿದ ತಂಡಗಳು ಕಡಿಮೆ. 2004-05ರಲ್ಲಿ 62 ಗೆಲುವು. ನ್ಯಾಶ್ ಸತತ ಎರಡು ವರ್ಷ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರ. ಆದರೂ ಒಮ್ಮೆಯೂ ಫೈನಲ್ ತಲುಪಲಿಲ್ಲ. ಆ ವರ್ಷಗಳಲ್ಲಿ ಅವರ ಪಿಕ್‌ಗಳಿಗೆ ಏನಾಯಿತು ನೋಡಿ. 2006ರಲ್ಲಿ 21ನೇ ಸರದಿಯಲ್ಲಿ ರಾಜಾನ್ ರಾಂಡೊ ಸಿಕ್ಕ. ಅವನನ್ನು ಬಾಸ್ಟನ್‌ಗೆ ಕೊಟ್ಟು, ಮುಂದಿನ ವರ್ಷದ ಒಂದು ಪಿಕ್ ತಗೊಂಡರು. ಆ ಪಿಕ್ 2007ರಲ್ಲಿ 24ನೇ ಸರದಿಯಾಗಿ ಬಂತು. ಅದರಲ್ಲಿ ಸ್ಪೇನ್‌ನ ರೂಡಿ ಫೆರ್ನಾಂಡೆಸ್‌ನನ್ನು ಆರಿಸಿ, ಅವನನ್ನೂ ಪೋರ್ಟ್‌ಲ್ಯಾಂಡ್‌ಗೆ 30 ಲಕ್ಷ ಡಾಲರ್‌ಗೆ ಬಿಟ್ಟುಕೊಟ್ಟರು. 2006ರ 27ನೇ ಸರದಿಯ ಸೆರ್ಜಿಯೊ ರೊಡ್ರಿಗೆಸ್ ಕೂಡ ನಗದಿಗೇ ಹೋದ. 2007ರ ಬೇಸಿಗೆಯಲ್ಲಿ ಕರ್ಟ್ ಥಾಮಸ್‌ನ ಸಂಬಳ ಇಳಿಸಿಕೊಳ್ಳಲು ಅವನ ಜೊತೆ ಮೊದಲ ಸುತ್ತಿನ ಎರಡು ಪಿಕ್ ಸೇರಿಸಿ ಸಿಯಾಟಲ್‌ಗೆ ಕಳಿಸಿದರು. ಅದರಲ್ಲಿ ಒಂದು ಸರ್ಜ್ ಇಬಾಕಾ ಆಯಿತು.

ಅದೇ 2007ರ ಮೇ ತಿಂಗಳಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ವಿರುದ್ಧದ ಪ್ಲೇಆಫ್ ಸರಣಿಯ ಐದನೇ ಪಂದ್ಯ. ಬೆಂಚ್ ಬಿಟ್ಟು ಅಂಗಳಕ್ಕೆ ಇಳಿದರು ಅಂತ ಅಮಾರೆ ಸ್ಟೌಡಮೈರ್ ಮತ್ತು ಬೋರಿಸ್ ಡಿಯಾವ್ ಇಬ್ಬರಿಗೂ ಲೀಗ್ ಒಂದು ಪಂದ್ಯ ನಿಷೇಧ ಹಾಕಿತ್ತು. ಫೀನಿಕ್ಸ್ ಸೋತದ್ದು 88-85ರಲ್ಲಿ. ಮೂರು ಪಾಯಿಂಟ್! ಆ ನಿಷೇಧದ ಬಗ್ಗೆ ಜನ ಇವತ್ತಿಗೂ ಜಗಳ ಆಡುತ್ತಾರೆ, ಆಡಲಿ. ಆದರೆ ಆ ದಿನ ಫೀನಿಕ್ಸ್ ಬೆಂಚ್‌ನಲ್ಲಿ ಎದ್ದು ಬರಲು ಜನವೇ ಇರಲಿಲ್ಲ. ಎದುರಿಗಿದ್ದ ಸ್ಪರ್ಸ್‌ನಲ್ಲಿ ಟೋನಿ ಪಾರ್ಕರ್ 28ನೇ ಸರದಿಯವನು. ಮನು ಜಿನೋಬಿಲಿ 57ನೆಯವನು. ಮರುವರ್ಷ ರಾಂಡೊ ಬಾಸ್ಟನ್ ಪರ ಶುರುವಿನಿಂದಲೇ ಆಡಿ ಪ್ರಶಸ್ತಿ ಗೆದ್ದ.

ಸರಿ, ಮಾರಬಾರದು ಅಂದಮೇಲೆ ಯಾರನ್ನು ಆರಿಸಬೇಕು? ಇಲ್ಲಿ ಹಳೆಯ ವಾದ ಒಂದಿದೆ. ಒಂದು ಕಡೆಯವರು ಹೇಳುತ್ತಾರೆ, ಈಗಲೇ ಆಡಬಲ್ಲ 22-23 ವರ್ಷದವನನ್ನು ತಗೊಳ್ಳಿ. ಇನ್ನೊಂದು ಕಡೆಯವರು, 19 ವರ್ಷದ ಹಸಿ ಪ್ರತಿಭೆಯನ್ನು ತಗೊಂಡು ಕಾಯಿರಿ ಅನ್ನುತ್ತಾರೆ. ನನ್ನ ಪ್ರಕಾರ ಇದು ಮುಖ್ಯ ಪ್ರಶ್ನೆಯೇ ಅಲ್ಲ. ಕೇಳಬೇಕಾದ್ದು ಬೇರೆ. ಈ ಹುಡುಗ ಇಷ್ಟು ಕೆಳಗೆ ಯಾಕೆ ಬಂದ?

27 ತಂಡ ಬೇಡ ಅಂದಿವೆ ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ವಯಸ್ಸು ಜಾಸ್ತಿ, ಮೊಣಕಾಲು ನೋವು, ಕೈ ಗಿಡ್ಡ, ಚಿಕ್ಕ ಕಾಲೇಜು, ಬೇರೆ ದೇಶದ ಕ್ಲಬ್ ಜೊತೆ ಒಪ್ಪಂದ ಮುಗಿದಿಲ್ಲ. ಈ ಕೊರತೆಗಳಲ್ಲಿ ಕೆಲವು ಸೋಲುವ ತಂಡಕ್ಕೆ ದೊಡ್ಡದು, ಗೆಲ್ಲುವ ತಂಡಕ್ಕೆ ಚಿಕ್ಕದು. 15 ಪಂದ್ಯ ಗೆದ್ದ ತಂಡಕ್ಕೆ ಸ್ಟಾರ್ ಬೇಕು. ಇನ್ನು ಹೆಚ್ಚು ಬೆಳೆಯಲಾರದ 23 ವರ್ಷದವನನ್ನು ಆರಿಸಿದರೆ ಅವರ ಅಭಿಮಾನಿಗಳೇ ಬಿಡುವುದಿಲ್ಲ. ನಿಮಗೆ ಸ್ಟಾರ್ ಆಗಲೇ ಇದ್ದಾನೆ. ನಿಮಗೆ ಬೇಕಾದ್ದು ಅವನ ಪಕ್ಕದಲ್ಲಿ ನಿಂತು ಪಂದ್ಯಕ್ಕೆ 18 ನಿಮಿಷ ತಪ್ಪಿಲ್ಲದೆ ಆಡುವವನು. ಅಂದರೆ ಬೇರೆಯವರು ದೋಷ ಅಂದುಕೊಂಡಿದ್ದು ನಿಮ್ಮ ತಂಡಕ್ಕೆ ಲೆಕ್ಕಕ್ಕೇ ಇಲ್ಲದ್ದಾಗಿರಬಹುದು. ಅಂಥವನನ್ನು ಹುಡುಕುವುದೇ ಕೊನೆಯ ಸರದಿಯ ಕೆಲಸ.

ವಯಸ್ಸಿನ ಉದಾಹರಣೆ ತಗೊಳ್ಳಿ. 2020ರ ಡ್ರಾಫ್ಟ್ ರಾತ್ರಿ ಬಾಸ್ಟನ್ ಸೆಲ್ಟಿಕ್ಸ್ ಕೈಯಲ್ಲಿ 26ನೇ ಮತ್ತು 30ನೇ ಎರಡೂ ಸರದಿ ಇದ್ದವು. 26ರಲ್ಲಿ ಪೇಟನ್ ಪ್ರಿಚರ್ಡ್‌ನನ್ನು ತಗೊಂಡರು. ಒರೆಗಾನ್‌ನಲ್ಲಿ ಪೂರ್ತಿ ನಾಲ್ಕು ವರ್ಷ ಆಡಿದವನು, ಕುಳ್ಳ. ಸುಮಾರು ಮೂರು ವರ್ಷ ಅವನು ಬೆಂಚ್‌ನಲ್ಲೇ ಜಾಸ್ತಿ ಕೂತ. 2023ರಲ್ಲಿ ನಾಲ್ಕು ವರ್ಷಕ್ಕೆ 3 ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿದ. 2024ರ ಫೈನಲ್‌ನ ಐದನೇ ಪಂದ್ಯದಲ್ಲಿ, ಮೊದಲಾರ್ಧ ಮುಗಿಯುವ ಗಂಟೆಗೆ ಸರಿಯಾಗಿ ಅಂಗಳದ ಮಧ್ಯದಿಂದ ಅವನು ಎಸೆದ ಬಾಲ್ ಬಲೆಯೊಳಗೆ ಬಿದ್ದಿದ್ದು ನೀವು ನೋಡಿರುತ್ತೀರಿ. 2025ರಲ್ಲಿ ಲೀಗ್‌ನ ಅತ್ಯುತ್ತಮ ಸಿಕ್ಸ್ತ್ ಮ್ಯಾನ್, ಅಂದರೆ ಬೆಂಚ್‌ನಿಂದ ಬಂದು ಆಡುವವರಲ್ಲಿ ಅತ್ಯುತ್ತಮ, ಆದ. ಇನ್ನು 30ನೇ ಸರದಿ. ಅಲ್ಲಿ ಡೆಸ್ಮಂಡ್ ಬೇನ್ ಇದ್ದ. ಅವನೂ ನಾಲ್ಕು ವರ್ಷ ಕಾಲೇಜಿನಲ್ಲಿ ಆಡಿದವನೇ. ಕೈ ಗಿಡ್ಡ ಅಂತ ಎಲ್ಲರೂ ಹಿಂದೆ ಸರಿದಿದ್ದರು. ಬಾಸ್ಟನ್ ಆ ಪಿಕ್ ಅನ್ನು ಸಂಬಳದ ಲೆಕ್ಕ ಸರಿ ಮಾಡಿಕೊಳ್ಳಲು ಮೂರು ತಂಡಗಳ ವ್ಯವಹಾರದಲ್ಲಿ ಮೆಂಫಿಸ್‌ಗೆ ಕೊಟ್ಟುಬಿಟ್ಟಿತು. ಐದು ವರ್ಷ ಆಡಿಸಿದ ಮೆಂಫಿಸ್ 2025ರಲ್ಲಿ ಅದೇ ಬೇನ್‌ನನ್ನು ಒರ್ಲ್ಯಾಂಡೊಗೆ ಕೊಟ್ಟಾಗ ಮೊದಲ ಸುತ್ತಿನ ನಾಲ್ಕು ಪಿಕ್ ತಗೊಂಡಿತು. ಒಂದೇ ರಾತ್ರಿ, ಒಂದೇ ತಂಡ. ಒಂದು ಪಿಕ್ ಉಳಿಸಿಕೊಂಡರು, ಒಂದು ಬಿಟ್ಟರು. ಇಬ್ಬರೂ ಕೆಳಗೆ ಬಂದದ್ದು ಆಟ ಬರದೆ ಅಲ್ಲ. ಬೇನ್‌ಗೆ ಕಾಲೇಜಿನಲ್ಲೇ ದೂರದಿಂದ ಹಾಕುವ ತ್ರೀ ಪಾಯಿಂಟರ್ ಚೆನ್ನಾಗಿ ಬೀಳುತ್ತಿತ್ತು.

ಗಾಯದ ವಿಷಯಕ್ಕೆ ಕೆವಾನ್ ಲೂನಿ. 2015ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಆಗಷ್ಟೇ ಪ್ರಶಸ್ತಿ ಗೆದ್ದಿತ್ತು. 30ನೇ ಸರದಿ ಅವರದು. ಲೂನಿಯ ಸೊಂಟದ ಕೀಲಿನ ವೈದ್ಯಕೀಯ ವರದಿ ನೋಡಿ ಉಳಿದವರು ಹೆದರಿದ್ದರು. ಹೆದರಿದ್ದು ಸುಳ್ಳೇನೂ ಅಲ್ಲ. ಅದೇ ವರ್ಷ ಒಂದು ಆಪರೇಷನ್, ಮರುವರ್ಷ ಇನ್ನೊಂದು. ಮೊದಲ ಸೀಸನ್‌ನಲ್ಲಿ ಆಡಿದ್ದು ಐದೇ ಪಂದ್ಯ. ಕೆಳಗಿರುವ ತಂಡ ಆಗಿದ್ದರೆ ಪತ್ರಿಕೆಗಳು ಹರಿದು ತಿನ್ನುತ್ತಿದ್ದವು. ವಾರಿಯರ್ಸ್‌ಗೆ ಅವನು ತಕ್ಷಣ ಬೇಕಿರಲಿಲ್ಲ, ಕಾದರು. 2022ರಲ್ಲಿ ಮೆಂಫಿಸ್ ವಿರುದ್ಧ ಸರಣಿ ಗೆದ್ದ ಆರನೇ ಪಂದ್ಯದಲ್ಲಿ ಅವನು ಹಿಡಿದದ್ದು 22 ರೀಬೌಂಡ್, ಅಂದರೆ ಬಲೆಗೆ ಬೀಳದೆ ವಾಪಸ್ ಚಿಮ್ಮಿದ ಬಾಲ್. ಆ ಸೀಸನ್‌ನಲ್ಲಿ 82ಕ್ಕೆ 82 ಪಂದ್ಯ ಆಡಿದ. ಮರುಸೀಸನ್‌ನಲ್ಲೂ 82. ಸೊಂಟ ನಿಲ್ಲುವುದಿಲ್ಲ ಅಂತ ಬಿಟ್ಟಿದ್ದರಲ್ಲ, ಆ ಹುಡುಗ!

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಹೇಳಲೇಬೇಕು. ಕೊನೆಯ ಸರದಿಯ ಮಾತು ಬಂದಾಗಲೆಲ್ಲ ಜನ 41ನೇ ಸರದಿಯ ಯೋಕಿಚ್ ಹೆಸರು ಹೇಳುತ್ತಾರೆ, 35ನೆಯವನಾದ ಡ್ರೇಮಂಡ್ ಗ್ರೀನ್ ಹೆಸರು ಹೇಳುತ್ತಾರೆ. ದಯವಿಟ್ಟು ಆ ಲೆಕ್ಕ ಹಾಕಬೇಡಿ. ಅವರನ್ನು ಆರಿಸಿದ ವರ್ಷ ಡೆನ್ವರ್ ಆಗಲಿ ಗೋಲ್ಡನ್ ಸ್ಟೇಟ್ ಆಗಲಿ ಪ್ಲೇಆಫ್ ಕೂಡ ತಲುಪಿರಲಿಲ್ಲ. ಆ ತಂಡಗಳಲ್ಲಿ ಜಾಗ ಖಾಲಿ ಇತ್ತು, ಆಡಲು ನಿಮಿಷಗಳಿದ್ದವು. ಅದೂ ಅಲ್ಲದೆ ಅಂಥವರು ದಶಕಕ್ಕೆ ಒಬ್ಬರೋ ಇಬ್ಬರೋ. ಕೊನೆಯ ಸರದಿಯ ಹುಡುಗರಲ್ಲಿ ಬಹಳಷ್ಟು ಮಂದಿ ನೆಲೆ ನಿಲ್ಲುವುದಿಲ್ಲ. ಎಲ್ಲರೂ ಹೊಗಳುವ ಸ್ಪರ್ಸ್ ತಂಡವನ್ನೇ ನೋಡಿ. 2013ರಲ್ಲಿ ಗೊಬೇರ್ ಹೋದ ಮರುಕ್ಷಣ, 28ನೇ ಸರದಿ ಅವರದು. ಅವರು ಆರಿಸಿದ ಲಿವಿಯೊ ಜಾನ್ ಶಾರ್ಲ್ ಎನ್‌ಬಿಎ ಸೀಸನ್‌ನ ಒಂದು ಪಂದ್ಯವನ್ನೂ ಆಡಲಿಲ್ಲ. 2015ರಲ್ಲಿ ಆರಿಸಿದ ನಿಕೋಲಾ ಮಿಲುಟಿನೋವ್ ಎನ್‌ಬಿಎಗೆ ಬರಲೇ ಇಲ್ಲ. ಆದರೂ ಅವರು ಪಿಕ್ ಬಿಡಲಿಲ್ಲ. 2016ರಲ್ಲಿ 29ನೇ ಸರದಿಗೆ ಡಿಜಾಂಟೆ ಮರ್ರೆ, 2017ರಲ್ಲಿ ಮತ್ತೆ 29ಕ್ಕೆ ಡೆರಿಕ್ ವೈಟ್. ವರ್ಷವೂ ಒಬ್ಬನನ್ನು ತರುತ್ತಾ ಹೋದರೆ ಮೂರರಲ್ಲಿ ಒಬ್ಬ ನಿಂತರೂ ಸಾಕು. ಒಂದು ವರ್ಷ ತಗೊಂಡು ಮೂರು ವರ್ಷ ಮಾರಿದರೆ ಆ ಸರಾಸರಿ ಕೆಲಸ ಮಾಡುವುದಿಲ್ಲ.

ಈಗ ನನಗೆ ತುಂಬ ಇಷ್ಟವಾದ ಉದಾಹರಣೆಗೆ ಬರುತ್ತೇನೆ. ಟೊರಾಂಟೊ ರಾಪ್ಟರ್ಸ್. 2015-16ರಲ್ಲಿ 56 ಪಂದ್ಯ ಗೆದ್ದು ಪೂರ್ವ ವಲಯದ ಫೈನಲ್ ತಲುಪಿದ ತಂಡ. ಆ ಜೂನ್‌ನಲ್ಲಿ 27ನೇ ಸರದಿಯಲ್ಲಿ ಪಾಸ್ಕಲ್ ಸಿಯಾಕಮ್‌ನನ್ನು ಆರಿಸಿದರು. ಕ್ಯಾಮರೂನ್ ದೇಶದವನು. ಬಾಲ್ ಹಿಡಿದದ್ದೇ ತಡವಾಗಿ, ಹದಿಹರೆಯದ ಕೊನೆಗೆ. ನ್ಯೂ ಮೆಕ್ಸಿಕೊ ಸ್ಟೇಟ್ ಅನ್ನುವ, ದೊಡ್ಡವರು ಅಷ್ಟಾಗಿ ನೋಡದ ಕಾಲೇಜು. ಆಗಲೇ 22 ವರ್ಷ. ದೂರದಿಂದ ಬಾಲ್ ಹಾಕಲು ಬರುತ್ತಿರಲಿಲ್ಲ. ಆದರೆ ಓಟ ನಿಲ್ಲಿಸುತ್ತಲೇ ಇರಲಿಲ್ಲ.

ಟೊರಾಂಟೊ ಅವನನ್ನು ಬೆಂಚ್‌ನ ತುದಿಯಲ್ಲಿ ಕೂರಿಸಿ ಮರೆಯಲಿಲ್ಲ. ಪಕ್ಕದ ಮಿಸ್ಸಿಸಾಗಾದಲ್ಲಿ ಅವರದೇ ಕಿರಿಯ ತಂಡ ಇತ್ತು, ರಾಪ್ಟರ್ಸ್ 905. ಅಲ್ಲಿಗೂ ಇಲ್ಲಿಗೂ ಕಾರಿನಲ್ಲಿ ಓಡಾಡುವಷ್ಟೇ ದೂರ. ಅಲ್ಲಿ ಸಿಯಾಕಮ್‌ಗೆ ಬಾಲ್ ಕೈಗೆ ಕೊಟ್ಟು, ತಪ್ಪು ಮಾಡಲು ಬಿಟ್ಟರು. 2017ರಲ್ಲಿ ಆ ಕಿರಿಯ ತಂಡ ತನ್ನ ಲೀಗ್ ಗೆದ್ದಿತು. ಫೈನಲ್‌ನ ಎಂವಿಪಿ ಸಿಯಾಕಮ್. ಅದೇ ತಂಡದಲ್ಲಿ ಇನ್ನೊಬ್ಬ ಇದ್ದ, ಯಾರೂ ಡ್ರಾಫ್ಟ್ ಮಾಡದ ಫ್ರೆಡ್ ವ್ಯಾನ್‌ವ್ಲೀಟ್. ಎರಡು ವರ್ಷ ಬಿಟ್ಟು 2019ರ ಎನ್‌ಬಿಎ ಫೈನಲ್. ಮೊದಲ ಪಂದ್ಯದಲ್ಲಿ ಸಿಯಾಕಮ್ 32 ಪಾಯಿಂಟ್. ಕೊನೆಯ, ಆರನೇ ಪಂದ್ಯದಲ್ಲಿ ವ್ಯಾನ್‌ವ್ಲೀಟ್ 22. ಕೆನಡಾಕ್ಕೆ ಮೊದಲ ಪ್ರಶಸ್ತಿ.

ಈ ಕತೆಯ ಇನ್ನೊಂದು ಅರ್ಧವನ್ನು ಜನ ಹೇಳುವುದು ಕಡಿಮೆ. 2018ರ ಬೇಸಿಗೆಯಲ್ಲಿ ಕವಾಯ್ ಲೆನರ್ಡ್ ಮತ್ತು ಡ್ಯಾನಿ ಗ್ರೀನ್‌ನನ್ನು ತರಲು ಟೊರಾಂಟೊ ಡಿಮಾರ್ ಡಿರೋಜನ್ ಜೊತೆಗೆ ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ ಕೊಟ್ಟಿತು. ಅದು 29ನೇ ಸರದಿಯಾಯಿತು. ಸ್ಪರ್ಸ್ ಅದರಲ್ಲಿ ಕೆಲ್ಡನ್ ಜಾನ್ಸನ್‌ನನ್ನು ಆರಿಸಿತು. ಒಳ್ಳೆಯ ಆಟಗಾರನೇ. ಆದರೂ ಆ ಪಿಕ್ ಕೊಟ್ಟಿದ್ದಕ್ಕೆ ಟೊರಾಂಟೊದಲ್ಲಿ ಯಾರೂ ಕೊರಗುವುದಿಲ್ಲ. 2019ರ ಫೆಬ್ರವರಿಯಲ್ಲಿ ಮಾರ್ಕ್ ಗಸೋಲ್‌ನನ್ನು ತಂದಾಗ ಕೊಟ್ಟವರಲ್ಲಿ ಡೆಲಾನ್ ರೈಟ್ ಒಬ್ಬ. ಅವನು 2015ರ 20ನೇ ಸರದಿಯವನು, ಇಲ್ಲೇ ಬೆಳೆದವನು. ಅಂದರೆ ಒಬ್ಬ ಹುಡುಗ ನಿಮ್ಮಲ್ಲಿ ಬೆಳೆದರೆ ಎರಡು ದಾರಿ. ಅವನೇ ಆಡುತ್ತಾನೆ. ಇಲ್ಲ, ನಿಮಗೆ ಬೇಕಾದವನನ್ನು ಅವನ ಮೂಲಕ ತರುತ್ತೀರಿ. ಸ್ಪರ್ಸ್ 2011ರಲ್ಲಿ ಮಾಡಿದ್ದೂ ಇದನ್ನೇ. 26ನೇ ಸರದಿಯಲ್ಲಿ ಸಿಕ್ಕಿ ಮೂರು ವರ್ಷ ಬೆಳೆದ ಜಾರ್ಜ್ ಹಿಲ್‌ನನ್ನು ಇಂಡಿಯಾನಾಗೆ ಕೊಟ್ಟು, 15ನೇ ಸರದಿಯ ಕವಾಯ್ ಲೆನರ್ಡ್‌ನನ್ನು ತಂದರು. ಹಿಲ್ ಅಂದರೆ ಕೋಚ್ ಗ್ರೆಗ್ ಪಾಪೊವಿಚ್ ಅವರಿಗೆ ಬಹಳ ಪ್ರೀತಿ, ಕೊಡಲು ಮನಸ್ಸೇ ಇರಲಿಲ್ಲ. 2014ರ ಫೈನಲ್‌ನಲ್ಲಿ ಎಂವಿಪಿ ಲೆನರ್ಡ್.

ಹಸಿ ಹುಡುಗನನ್ನು ತಗೊಳ್ಳುವುದಾದರೆ ಅವನ ಒಂದು ಗುಣವಾದರೂ ಪ್ಲೇಆಫ್‌ನಲ್ಲಿ ಉಳಿಯುವಂಥದ್ದಾಗಿರಬೇಕು. ಸಿಯಾಕಮ್‌ಗೆ ಓಟ, ಗೊಬೇರ್‌ಗೆ ಎತ್ತರ ಮತ್ತು ಕೈ, ಲೂನಿಗೆ ನಿಲ್ಲುವ ಜಾಗದ ಅರಿವು. ಇದನ್ನು ಹೇಳುವಾಗ ನನಗೆ ನಮ್ಮ ದೇಶದ ಸತ್ನಾಮ್ ಸಿಂಗ್ ಭಾಮರಾ ನೆನಪಾಗುತ್ತಾನೆ. ಪಂಜಾಬಿನ ಬಲ್ಲೋ ಕೆ ಅನ್ನುವ ಹಳ್ಳಿಯವನು. 2015ರಲ್ಲಿ ಡಲ್ಲಾಸ್ ಮ್ಯಾವೆರಿಕ್ಸ್ 52ನೇ ಸರದಿಯಲ್ಲಿ ಅವನ ಹೆಸರು ಕೂಗಿದಾಗ ಭಾರತದಲ್ಲಿ ಬಾಸ್ಕೆಟ್‌ಬಾಲ್ ಆಡುವ ಪ್ರತಿಯೊಬ್ಬರೂ ಖುಷಿಪಟ್ಟರು. ಡ್ರಾಫ್ಟ್ ಆದ ಮೊದಲ ಭಾರತೀಯ. ಏಳಡಿ ಎರಡಂಗುಲ ಎತ್ತರ, ಮೃದುವಾದ ಕೈ. ಟೆಕ್ಸಾಸ್ ಲೆಜೆಂಡ್ಸ್ ಅನ್ನುವ ಕಿರಿಯ ತಂಡದಲ್ಲಿ ಆಡಿದ. ಎನ್‌ಬಿಎ ಅಂಗಳಕ್ಕೆ ಇಳಿಯುವ ಅವಕಾಶ ಬರಲಿಲ್ಲ. ಅವನ ಶ್ರಮ ಕಡಿಮೆ ಅಂತ ನಾನು ಖಂಡಿತ ಹೇಳಲಾರೆ. ಆದರೆ ಅದೇ ವರ್ಷ ಗೋಲ್ಡನ್ ಸ್ಟೇಟ್ ಎತ್ತರದ ಸೆಂಟರ್‌ನನ್ನು ಕೂರಿಸಿ, ಚಿಕ್ಕ ಆಳುಗಳನ್ನು ಇಳಿಸಿ ಫೈನಲ್ ಗೆದ್ದಿತ್ತು. ನಿಧಾನಕ್ಕೆ ಓಡುವ ದೊಡ್ಡ ಮೈಯವರಿಗೆ ಆಟವೇ ಬಾಗಿಲು ಹಾಕುತ್ತಿದ್ದ ಹೊತ್ತು ಅದು.

ಇನ್ನು ಡೆನ್ವರ್‌ಗೆ ವಾಪಸ್ ಹೋಗೋಣ. ಯಾಕಂದರೆ ನಾನು ಈವರೆಗೆ ಹೇಳಿದ್ದನ್ನೆಲ್ಲ ನಂಬಿದ ತಂಡ ಅದು, ಆದರೂ ಎಡವಿತು. 2022ರಲ್ಲಿ 21ನೇ ಸರದಿಗೆ ಕ್ರಿಶ್ಚಿಯನ್ ಬ್ರಾನ್ ಸಿಕ್ಕ. ಆ ವರ್ಷವೇ ಕ್ಯಾನ್ಸಸ್ ಜೊತೆ ಕಾಲೇಜು ಪ್ರಶಸ್ತಿ ಗೆದ್ದವನು. ಮರುವರ್ಷ ಎನ್‌ಬಿಎ ಫೈನಲ್‌ನ ಮೂರನೇ ಪಂದ್ಯದಲ್ಲಿ, ಮಯಾಮಿಯಲ್ಲಿ, ಬೆಂಚ್‌ನಿಂದ ಬಂದು 15 ಪಾಯಿಂಟ್ ಹಾಕಿದ. ಡೆನ್ವರ್ ಪ್ರಶಸ್ತಿ ಗೆದ್ದಿತು. ಆ ಬೇಸಿಗೆಯಲ್ಲೇ ತಂಡದ ಆಟಗಾರ ಬ್ರೂಸ್ ಬ್ರೌನ್ ಹೊರಟ. ನಿಯಮದ ಪ್ರಕಾರ ಡೆನ್ವರ್ ಅವನಿಗೆ ಕೊಡಬಹುದಾಗಿದ್ದು ವರ್ಷಕ್ಕೆ 78 ಲಕ್ಷ ಡಾಲರ್ ಆಸುಪಾಸು. ಇಂಡಿಯಾನಾ ಎರಡು ವರ್ಷಕ್ಕೆ 4 ಕೋಟಿ 50 ಲಕ್ಷ ಕೊಟ್ಟಿತು. ಯಾರಾದರೂ ಹೋಗುತ್ತಾರೆ, ಅಲ್ವಾ? ಜನರಲ್ ಮ್ಯಾನೇಜರ್ ಕ್ಯಾಲ್ವಿನ್ ಬೂತ್ ಇದನ್ನು ಮೊದಲೇ ಕಂಡಿದ್ದರು. ಮುಂದಿನ ಪಿಕ್‌ಗಳನ್ನು ಕೊಟ್ಟು 2023ರ ಡ್ರಾಫ್ಟ್‌ನಲ್ಲಿ 29, 32, 37 ಮೂರೂ ತಂದರು. ಜೂಲಿಯನ್ ಸ್ಟ್ರಾಥರ್, ಜೇಲನ್ ಪಿಕೆಟ್, ಹಂಟರ್ ಟೈಸನ್. ಕೊನೆಯ ಇಬ್ಬರಿಗೂ ಆಗಲೇ 23 ವರ್ಷ.

ಯೋಚನೆ ಸರಿಯೇ ಇತ್ತು. ತಪ್ಪಿದ್ದು ಎರಡು ಕಡೆ. ಒಂದು, ಹೋದವನ ಜಾಗವನ್ನು ಅದೇ ವರ್ಷ ಹೊಸಬರು ತುಂಬಬೇಕಾಯಿತು. ಕೊನೆಯ ಸರದಿಯ ಹುಡುಗನ ಮೇಲೆ ಅಷ್ಟು ಭಾರ ಹಾಕಬಾರದು. ಬ್ರೌನ್ ಹೋಗುವುದಕ್ಕೆ ಎರಡು ವರ್ಷ ಮೊದಲೇ ಅವನ ಜಾಗದವನು ತಂಡದಲ್ಲಿ ಇರಬೇಕಿತ್ತು. ಎರಡು, ಆರಿಸುವವರಿಗೂ ಆಡಿಸುವವರಿಗೂ ಮನಸ್ಸು ಕೂಡಲಿಲ್ಲ. ಕೋಚ್ ಮೈಕಲ್ ಮಲೋನ್ ಅವರಿಗೆ ಅನುಭವಿಗಳ ಮೇಲೆ ನಂಬಿಕೆ. ಬೂತ್ ಅವರಿಗೆ ಹುಡುಗರು ಆಡಬೇಕು. ಕೋಚ್‌ನ ಕಷ್ಟ ನನಗೆ ಅರ್ಥವಾಗುತ್ತದೆ. ಸೋತರೆ ಮೊದಲು ತಲೆ ಹೋಗುವುದು ಅವರದು. ಆದರೆ ಡಿಸೆಂಬರ್‌ನಲ್ಲಿ ಆಡದ ಹುಡುಗ ಮೇ ತಿಂಗಳಲ್ಲಿ ಆಡಲಾರ. 2024ರಲ್ಲಿ ಡೆನ್ವರ್ ಎರಡನೇ ಸುತ್ತಿನ ಏಳನೇ ಪಂದ್ಯದಲ್ಲಿ ಮಿನ್ನೆಸೋಟಾಗೆ ಸೋತಿತು. ಆ ಮಿನ್ನೆಸೋಟಾದ ಸೆಂಟರ್ ಯಾರು ಗೊತ್ತಾ? ಗೊಬೇರ್. 2025ರ ಏಪ್ರಿಲ್‌ನಲ್ಲಿ, ಸೀಸನ್ ಮುಗಿಯಲು ಮೂರು ಪಂದ್ಯ ಇರುವಾಗ, ಮಲೋನ್ ಮತ್ತು ಬೂತ್ ಇಬ್ಬರನ್ನೂ ಒಂದೇ ದಿನ ತೆಗೆದುಹಾಕಿದರು.

ಆಮೇಲೆ ಏನಾಯಿತು ಅನ್ನುವುದನ್ನೂ ಕೇಳಿ. ಆ ಪ್ಲೇಆಫ್‌ನಲ್ಲಿ, ಮುಂದೆ ಪ್ರಶಸ್ತಿ ಗೆದ್ದ ಒಕ್ಲಹೋಮಾ ಸಿಟಿಯ ವಿರುದ್ಧ ಆರನೇ ಪಂದ್ಯ. ಸೋತರೆ ಮನೆಗೆ. ಆ ದಿನ ಬೆಂಚ್‌ನಿಂದ ಬಂದು 15 ಪಾಯಿಂಟ್ ಹಾಕಿ ಪಂದ್ಯ ತಿರುಗಿಸಿದ್ದು ಸ್ಟ್ರಾಥರ್, ಆ 29ನೇ ಸರದಿಯವನೇ. ಎರಡು ವರ್ಷ ಹಿಡಿಯಿತು. ಬ್ರಾನ್ ಅಷ್ಟರಲ್ಲಿ ತಂಡದ ಮೊದಲ ಐವರಲ್ಲಿ ಒಬ್ಬನಾಗಿದ್ದ. ಬೂತ್ ಆರಿಸಿದ್ದು ಪೂರ್ತಿ ತಪ್ಪಾಗಿರಲಿಲ್ಲ.

ಎರಡನೇ ಸುತ್ತಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲು ಸ್ಪರ್ಸ್ ಆ ಪಿಕ್‌ಗಳಲ್ಲಿ ಹೊರದೇಶದವರನ್ನು ಆರಿಸಿ ಅಲ್ಲೇ ಬಿಡುತ್ತಿದ್ದರು. ಜಿನೋಬಿಲಿ 1999ರಲ್ಲಿ ಡ್ರಾಫ್ಟ್ ಆಗಿ, ಇಟಲಿಯಲ್ಲಿ ಆಡಿ, ಯೂರೋಲೀಗ್ ಗೆದ್ದು ಬಂದದ್ದು 2002ರಲ್ಲಿ. ಅಷ್ಟೂ ದಿನ ಬೇರೆಯವರ ಖರ್ಚಿನಲ್ಲಿ ಬೆಳೆದ. ಈಗ ಪ್ರತಿ ತಂಡಕ್ಕೂ ಮೂರು ಟೂ ವೇ ಒಪ್ಪಂದಗಳಿವೆ. ಹುಡುಗ ಎನ್‌ಬಿಎಗೂ ಕಿರಿಯ ಲೀಗ್‌ಗೂ ಓಡಾಡುತ್ತಾನೆ, ಸಂಬಳ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. 2021ರಲ್ಲಿ ಆಸ್ಟಿನ್ ರೀವ್ಸ್ ಮತ್ತು ಅವನ ಏಜೆಂಟ್ ಎಲ್ಲೋ ಕೊನೆಯಲ್ಲಿ ಡ್ರಾಫ್ಟ್ ಆಗುವುದಕ್ಕಿಂತ ಆಗದೆ ಇರುವುದೇ ವಾಸಿ ಅಂದುಕೊಂಡು, ಲೇಕರ್ಸ್‌ಗೆ ಟೂ ವೇ ಒಪ್ಪಂದದಲ್ಲಿ ಬಂದರು. 50ರ ಆಚೆಗಿನ ಪಿಕ್‌ಗಿಂತ, ನಮ್ಮಲ್ಲಿ ಬಂದರೆ ಹುಡುಗ ಬೆಳೆಯುತ್ತಾನೆ ಅನ್ನುವ ಹೆಸರು ಹೆಚ್ಚು ಉಪಯೋಗ. ಆ ಹೆಸರು ಇದ್ದರೆ ಹುಡುಗರೇ ಹುಡುಕಿಕೊಂಡು ಬರುತ್ತಾರೆ.

ಹಾಗಾದರೆ ಪಿಕ್ ಅನ್ನು ಯಾವತ್ತೂ ಕೊಡಬಾರದಾ ಅಂತ ನೀವು ಕೇಳಬಹುದು. ಕೊಡಬಹುದು. ದುಡ್ಡಿಗೆ ಬೇಡ, ಸಂಬಳ ಇಳಿಸಿಕೊಳ್ಳಲು ಬೇಡ, ಆಟಗಾರನಿಗೆ ಕೊಡಿ. ಅದೂ ವಯಸ್ಸಾಗಿ ಮೂರು ತಿಂಗಳಿಗೆ ಬರುವವನಿಗಲ್ಲ, ಮೂರು ನಾಲ್ಕು ವರ್ಷ ನಿಲ್ಲುವವನಿಗೆ. 2022ರ ಫೆಬ್ರವರಿಯಲ್ಲಿ ಬಾಸ್ಟನ್ ಮಾಡಿದ್ದು ಹಾಗೆ. ಆಗಲೇ ಹೇಳಿದೆನಲ್ಲ, 29ನೇ ಸರದಿಯ ಡೆರಿಕ್ ವೈಟ್, ಅವನನ್ನು ಸ್ಪರ್ಸ್‌ನಿಂದ ತಂದರು. ಕೊಟ್ಟದ್ದು ಇಬ್ಬರು ಆಟಗಾರರು, ಆ ವರ್ಷದ ಮೊದಲ ಸುತ್ತಿನ ಪಿಕ್, ಮುಂದೊಂದು ವರ್ಷ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು. ಆ ಪಿಕ್ 25ನೇ ಸರದಿಯಾಯಿತು. ಸ್ಪರ್ಸ್ ಐದು ವರ್ಷ ಕೂತು ತಿದ್ದಿದ ಹುಡುಗ ಬಾಸ್ಟನ್‌ಗೆ ಸಿದ್ಧವಾಗಿ ಸಿಕ್ಕ. ಎರಡೇ ವರ್ಷಕ್ಕೆ ಪ್ರಶಸ್ತಿ.

ಅದೇ ಬಾಸ್ಟನ್ 2025ರ ಬೇಸಿಗೆಯಲ್ಲಿ ಎರಡನೇ ಏಪ್ರನ್ ಕೆಳಗೆ ಇಳಿಯಲು ಜ್ರೂ ಹಾಲಿಡೇ ಮತ್ತು ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಇಬ್ಬರನ್ನೂ ಕಳಿಸಬೇಕಾಯಿತು. ಕಡಿಮೆ ಸಂಬಳದ ಪ್ರಿಚರ್ಡ್ ಉಳಿದ. ಆ ಜೂನ್‌ನಲ್ಲಿ ಅವರಿಗೆ 28ನೇ ಸರದಿ ಇತ್ತು. ಮಾರಲಿಲ್ಲ. ರಿಯಲ್ ಮ್ಯಾಡ್ರಿಡ್‌ನ 19 ವರ್ಷದ ಹ್ಯೂಗೊ ಗೊನ್ಸಾಲೆಸ್‌ನನ್ನು ಆರಿಸಿದರು. ಅವನು 28ರವರೆಗೆ ಯಾಕೆ ಉಳಿದ ಅಂತ ಕೇಳಿ. ಯುರೋಪಿನ ಅಷ್ಟು ದೊಡ್ಡ ಕ್ಲಬ್‌ನಲ್ಲಿ ಹಿರಿಯರ ನಡುವೆ ಅವನಿಗೆ ಆಡಲು ಸಿಕ್ಕಿದ್ದು ಕೆಲವೇ ನಿಮಿಷ. ಹಾಗಾಗಿ ಅಳೆಯಲು ಅಂಕಿಗಳೇ ಇರಲಿಲ್ಲ. ನನ್ನ ಕೈಯಲ್ಲಿ ಆ ಪಿಕ್ ಇದ್ದಿದ್ದರೆ ಅದೇ ಕಾರಣಕ್ಕೆ ನಾನೂ ಅವನನ್ನೇ ತಗೊಳ್ಳುತ್ತಿದ್ದೆ.